ಶೂನ್ಯಜ್ಞಾನ ಪ್ರಮಾಣ ಮತ್ತು ನಂಬಿಕೆಯ ನೆಲೆ: ಝೀಕ್ಯಾಶ್ ನಾಣ್ಯದ ಇತಿಹಾಸದಿಂದ ಒಂದು ವಿಚಾರ

ಲೆಕ್ಕವನ್ನು ಬರೆಯುವವನೊಬ್ಬ, ಒಪ್ಪಬೇಕಾದವನು ಇನ್ನೊಬ್ಬ ಆಗಿರುವಲ್ಲಿ ಎರಡನೆಯವನಿಗೆ ಇರುವ ಮಾರ್ಗಗಳು ಎರಡು: ಲೆಕ್ಕವನ್ನು ಮೊದಲಿನಿಂದ ತಾನೇ ಮಾಡಿ ನೋಡುವುದು, ಇಲ್ಲವೆ ಬರೆದವನನ್ನು ನಂಬುವುದು. ೨೦೦೯ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ ಮೊದಲನೆಯ ಮಾರ್ಗವನ್ನು ಹಿಡಿಯಿತು. ಅದರ ಖಾತೆಯಾದ ಬ್ಲಾಕ್‌ಚೈನಿನ ಪೂರ್ಣ ಪ್ರತಿಯುಳ್ಳ ಪ್ರತಿಯೊಂದು ಗಣಕವೂ ಪ್ರತಿಯೊಂದು ವ್ಯವಹಾರವನ್ನೂ ಸ್ವತಃ ಪರೀಕ್ಷಿಸುತ್ತದೆ. ಇದರಿಂದ ಎಲ್ಲರ ವ್ಯವಹಾರವೂ ಎಲ್ಲರ ಕಣ್ಣಿಗೆ ಬೀಳುವಂತಾಯಿತು. ಒಂದೇ ಗಣನೆ ಸಾವಿರಾರು ಕಡೆ ಪುನರಾವರ್ತನೆಯಾಗುವಂತಾಯಿತು. ಈ ಎರಡು ಕೊರತೆಗಳನ್ನು ನೀಗಲು ಬಂದ ಸಾಧನವೇ ‘ಝೀರೋ ನಾಲೆಡ್ಜ್ ಪ್ರೂಫ್’. ಇದನ್ನು ನಾವು ಶೂನ್ಯಜ್ಞಾನ ಪ್ರಮಾಣವೆಂದು ಕರೆಯುತ್ತೇವೆ. ಇದು ನಂಬಿಕೆಯ ಅವಶ್ಯಕತೆಯನ್ನೇ ತೊಡೆದುಹಾಕಿತೆಂಬ ಮಾತು ಪ್ರಚಾರದಲ್ಲಿದೆ. ಅದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಒಂದು ನಾಣ್ಯದ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಕಲ್ಪನೆಯನ್ನು ೧೯೮೫ರಲ್ಲಿ ಮಂಡಿಸಿದವರು ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೋ ಮಿಕಾಲಿ ಮತ್ತು ಚಾರ್ಲ್ಸ್ ರ‍್ಯಾಕಾಫ್. ಒಂದು ಹೇಳಿಕೆ ನಿಜವೆಂಬುದರ ಹೊರತು ಬೇರೇನನ್ನೂ ತಿಳಿಸದೆ ಅದರ ನಿಜವನ್ನು ಮನಗಾಣಿಸುವುದು ಇದರ ಲಕ್ಷಣ. ಗೋಲ್ಡ್‌ರೈಖ್, ಮಿಕಾಲಿ ಮತ್ತು ವಿಗ್ಡರ್ಸನ್ ಎಂಬ ವಿದ್ವಾಂಸರು ೧೯೮೬ರಲ್ಲಿ ಕೊಟ್ಟ ನಿದರ್ಶನ ಸುಲಭವಾಗಿದೆ. ಒಂದು ಭೂಪಟಕ್ಕೆ, ನೆರೆಹೊರೆಯ ಪ್ರಾಂತಗಳು ಒಂದೇ ಬಣ್ಣವಾಗದಂತೆ, ಮೂರು ಬಣ್ಣಗಳನ್ನು ಹಚ್ಚಿರುವೆನೆಂದು ಒಬ್ಬನು ಹೇಳುತ್ತಾನೆ ಎನ್ನೋಣ. ಅವನು ಪಟವನ್ನು ಮುಚ್ಚಿಡುತ್ತಾನೆ. ಪರೀಕ್ಷಕನು ತನಗೆ ಬೇಕಾದ ಎರಡು ನೆರೆಪ್ರಾಂತಗಳನ್ನು ಮಾತ್ರ ತೆರೆಸಿ ನೋಡುತ್ತಾನೆ. ಪ್ರತಿ ಸಲವೂ ಬಣ್ಣಗಳನ್ನು ಅದಲುಬದಲು ಮಾಡುವುದರಿಂದ ಪಟದ ಗುಟ್ಟು ಹೊರಬೀಳುವುದಿಲ್ಲ. ಪರೀಕ್ಷೆ ಹಲವು ಸಲ ನಡೆದಂತೆ ವಂಚನೆ ಸಿಕ್ಕಿಬೀಳದೆ ಉಳಿಯುವ ಸಂಭವ ಕುಗ್ಗುತ್ತದೆ.

ಆದರೆ ಖಾತೆಯಲ್ಲಿ ಬರೆದಿಡುವ ಪ್ರಮಾಣಕ್ಕೆ ಇಂಥ ಪ್ರಶ್ನೋತ್ತರ ಹೊಂದುವುದಿಲ್ಲ. ಇಬ್ಬರಿಗೂ ಸಮಾನವಾದ ಒಂದು ಯಾದೃಚ್ಛಿಕ ಸಂಖ್ಯಾಪಂಕ್ತಿ ಮೊದಲೇ ಸಿದ್ಧವಾಗಿದ್ದರೆ ಸಂವಾದ ಅನಾವಶ್ಯಕವೆಂದು ಬ್ಲಮ್, ಫೆಲ್ಡ್‌ಮನ್ ಮತ್ತು ಮಿಕಾಲಿ ೧೯೮೮ರಲ್ಲಿ ತೋರಿಸಿದರು. ಆ ಪಂಕ್ತಿಯನ್ನು ಸಿದ್ಧಪಡಿಸುವವರು ಯಾರು? ಮುಂದಿನ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದಿದೆ.

ಏಳು ಮಂದಿ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ‘ಝೀರೋಕ್ಯಾಶ್’ ಯೋಜನೆಯ ಆಧಾರದ ಮೇಲೆ ೨೦೧೬ರ ಅಕ್ಟೋಬರ್ ೨೮ರಂದು ಝೀಕ್ಯಾಶ್ ಆರಂಭವಾಯಿತು. ಅದರ ಮರೆಯ ವ್ಯವಹಾರದಲ್ಲಿ ಕೊಟ್ಟವನು, ಪಡೆದವನು, ಮೊತ್ತ ಮೂರೂ ಗುಪ್ತ. ಇಲ್ಲದ ಹಣವನ್ನು ಯಾರೂ ಕೊಟ್ಟಿಲ್ಲವೆಂಬುದಕ್ಕೆ ಆಗ ೨೯೬ ಬೈಟುಗಳ ಪ್ರಮಾಣವೊಂದೇ ಸಾಕ್ಷಿಯಾಗಿತ್ತು. ಇದಕ್ಕೆ ಬೇಕಾದ ಸಂಖ್ಯೆಗಳನ್ನು ಆರು ಮಂದಿ ಸೇರಿ ಸಿದ್ಧಪಡಿಸಿದರು. ತಯಾರಿಕೆಯಲ್ಲಿ ಹುಟ್ಟುವ ರಹಸ್ಯಸಂಖ್ಯೆ ಯಾರ ಬಳಿಯಾದರೂ ಇಡಿಯಾಗಿ ಉಳಿದರೆ ಅವನು ಖೋಟಾ ನಾಣ್ಯವನ್ನು ಸೃಷ್ಟಿಸಬಲ್ಲನು. ಆರರಲ್ಲಿ ಒಬ್ಬನಾದರೂ ತನ್ನ ಪಾಲನ್ನು ನಾಶಮಾಡಿದ್ದರೆ ಭಯವಿಲ್ಲ. ಅವರಲ್ಲಿ ಹುಸಿ ಹೆಸರಿನಿಂದ ಪಾಲ್ಗೊಂಡಿದ್ದವನು ಎಡ್ವರ್ಡ್ ಸ್ನೋಡೆನ್ ಎಂಬುದು ಲೋಕಕ್ಕೆ ತಿಳಿದದ್ದು ೨೦೨೨ರಲ್ಲಿ.

ಎಲ್ಲರೂ ಈ ಆರು ಜನರ ಪ್ರಾಮಾಣಿಕತೆಯನ್ನೇ ಕುರಿತು ಚರ್ಚಿಸುತ್ತಿದ್ದರು. ದೋಷವಿದ್ದದ್ದು ಬೇರೆಡೆ. ೨೦೧೮ರ ಮಾರ್ಚ್ ೧ರಂದು ಝೀಕ್ಯಾಶ್ ಸಂಸ್ಥೆಯ ಗಣಿತಜ್ಞ ಏರಿಯಲ್ ಗೇಬಿಜನ್, ಈ ಪದ್ಧತಿಗೆ ಮೂಲವಾದ ಮತ್ತೊಂದು ಪ್ರಬಂಧದಲ್ಲಿ ತಪ್ಪನ್ನು ಕಂಡುಹಿಡಿದರು. ಅದರ ವಿಧಾನವು ಅನಾವಶ್ಯಕವಾದ ಕೆಲವು ಸಂಖ್ಯೆಗಳನ್ನೂ ಉತ್ಪಾದಿಸುತ್ತಿತ್ತು. ಅವು ಕೈಗೆ ಸಿಕ್ಕಿದವನು ಸುಳ್ಳು ಹೇಳಿಕೆಗೂ ಸರಿಯೆನಿಸುವ ಪ್ರಮಾಣವನ್ನು ರಚಿಸಬಹುದಾಗಿತ್ತು. ಅದೇ ಪ್ರಬಂಧದಲ್ಲಿ ಬ್ರಯನ್ ಪಾರ್ನೊ ೨೦೧೫ರಲ್ಲಿಯೇ ಇನ್ನೊಂದು ದೋಷವನ್ನು ತೋರಿಸಿದ್ದರು. ಇದು ಮಾತ್ರ ಅನೇಕ ತಜ್ಞರ ಕಣ್ಣು ತಪ್ಪಿಸಿ ಉಳಿದಿತ್ತು. ಆ ಸಂಖ್ಯೆಗಳು ಸಮಾರಂಭದ ಬಹಿರಂಗ ದಾಖಲೆಯಲ್ಲಿದ್ದವು. ಸಂಸ್ಥೆಯು ದಾಖಲೆಯನ್ನು ಹಿಂತೆಗೆದು, ವಿಷಯವನ್ನು ಗುಟ್ಟಾಗಿಟ್ಟು, ೨೦೧೮ರ ಅಕ್ಟೋಬರ್ ೨೮ರಂದು ಹೊಸ ಪದ್ಧತಿಯನ್ನು ಜಾರಿಗೆ ತಂದು, ೨೦೧೯ರ ಫೆಬ್ರವರಿ ೫ರಂದು ಎಲ್ಲವನ್ನೂ ಪ್ರಕಟಿಸಿತು.

ಖೋಟಾ ನಾಣ್ಯ ಹುಟ್ಟಿದ ಕುರುಹು ಕಾಣಲಿಲ್ಲವೆಂದು ಸಂಸ್ಥೆ ಸಾರಿತು. ಆದರೆ ಮೊತ್ತಗಳೇ ಗುಪ್ತವಾಗಿರುವಲ್ಲಿ ಒಳಗಿರುವ ನಾಣ್ಯಗಳನ್ನು ಎಣಿಸುವ ಬಗೆಯೆಂತು? ಬಿಟ್‌ಕಾಯಿನ್ನಿನಲ್ಲಿ ಯಾರು ಬೇಕಾದರೂ ಒಟ್ಟು ಮೊತ್ತವನ್ನು ಕೂಡಿ ನೋಡಬಹುದು. ಇಲ್ಲಿ ಉಳಿದ ಉಪಾಯ ಒಂದೇ: ಮರೆಯ ಕೋಶದ ಬಾಗಿಲಿನಲ್ಲಿ ಒಳಹೋದ ಮತ್ತು ಹೊರಬಂದ ಮೊತ್ತಗಳನ್ನು ತಾಳೆನೋಡುವುದು. ಗೋಪ್ಯತೆ ಹೆಚ್ಚಿದಷ್ಟೂ ಪ್ರಮಾಣದ ಮೇಲಿನ ಭಾರವೂ ಹೆಚ್ಚುತ್ತದೆಂಬುದು ಇದರಿಂದ ವಿಶದವಾಗುತ್ತದೆ.

ಅನಂತರದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸಿದ್ಧತೆಯ ರಹಸ್ಯವೇ ಬೇಡದ ‘ಸ್ಟಾರ್ಕ್’ ಪದ್ಧತಿ ೨೦೧೮ರಲ್ಲಿ ಪ್ರಕಟವಾಯಿತು. ಝೀಕ್ಯಾಶ್ ಕೂಡ ೨೦೨೨ರ ಮೇ ತಿಂಗಳಲ್ಲಿ ಅಂಥದೇ ಆದ ‘ಹೇಲೋ ೨’ ಪದ್ಧತಿಯನ್ನು ಹೊಸ ಕೋಶಕ್ಕೆ ಅಳವಡಿಸಿತು. ಈಥೀರಿಯಮ್ ಜಾಲದಲ್ಲಿ, ಹೊರಗೆ ನಡೆದ ಅಸಂಖ್ಯ ವ್ಯವಹಾರಗಳ ಗಣನೆಯನ್ನು ಒಂದೇ ಪ್ರಮಾಣದಿಂದ ಒಪ್ಪಿಸುವ ಕ್ರಮ ಬಳಕೆಗೆ ಬಂದಿತು. ಹೀಗೆ ಮೊದಲು ಹೇಳಿದ ಎರಡನೆಯ ಕೊರತೆಯೂ ನೀಗುತ್ತ ಬಂದಿದೆ.

ಒಟ್ಟಿನಲ್ಲಿ, ಶೂನ್ಯಜ್ಞಾನ ಪ್ರಮಾಣವು ಲೆಕ್ಕ ಬರೆದವನನ್ನು ನಂಬುವ ಕಷ್ಟದಿಂದ ನಮ್ಮನ್ನು ಬಿಡಿಸಿ, ನಂಬಿಕೆಯನ್ನು ಪ್ರಬಂಧದ ಗಣಿತಕ್ಕೂ ಅದನ್ನು ಕ್ರಮವಿಧಿಯಾಗಿ ಬರೆದವರ ಎಚ್ಚರಕ್ಕೂ ವರ್ಗಾಯಿಸಿದೆ. ಇದು ಅಲ್ಪ ಲಾಭವಲ್ಲ. ವ್ಯಕ್ತಿಯ ಮನಸ್ಸನ್ನು ಶೋಧಿಸಲಾಗದು, ಪ್ರಬಂಧವನ್ನು ಯಾರು ಬೇಕಾದರೂ ಓದಬಹುದು. ಆದರೆ ಓದುವವರು ಇರಬೇಕು. ನಾಲ್ಕು ವರ್ಷ ಯಾರಿಗೂ ಕಾಣದ ತಪ್ಪನ್ನು ಒಬ್ಬರು ಕಂಡದ್ದು ಹಾಗೆ ಓದಿದ್ದರಿಂದಲೇ.