ನೀಲಿ-ಹಸಿರು ಪಾಚಿ: ಜೈವಿಕ ತಂತ್ರಜ್ಞಾನದಲ್ಲಿ ಬಳಕೆ

ನೀಲಿ-ಹಸಿರು ಪಾಚಿ (ಸಯನೋಬ್ಯಾಕ್ಟೀರಿಯ) ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಹೊರಬಿಡುವ ಬ್ಯಾಕ್ಟೀರಿಯಗಳ ಗುಂಪು. ಹೆಸರಿನಲ್ಲಿ ಪಾಚಿ ಎಂದಿದ್ದರೂ ಇವುಗಳಿಗೆ ಕೋಶಕೇಂದ್ರವಿಲ್ಲ. ಬೆಳಕು, ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಕೆಲವು ಲವಣಗಳಿಂದಷ್ಟೇ ಬೆಳೆಯುವುದು ಇವುಗಳ ಅನುಕೂಲ.

ಜೈವಿಕ ಗೊಬ್ಬರ: ಅನಬೀನ, ನಾಸ್ಟಾಕ್ ಮುಂತಾದವುಗಳ ಎಳೆಗಳಲ್ಲಿ ಹೆಟರೊಸಿಸ್ಟ್ ಎಂಬ ದಪ್ಪಗೋಡೆಯ ಕೋಶಗಳಿರುತ್ತವೆ. ಈ ಗೋಡೆ ಆಮ್ಲಜನಕವನ್ನು ತಡೆಯುವುದರಿಂದ ಒಳಗಿನ ನೈಟ್ರೋಜಿನೇಸ್ ಕಿಣ್ವ ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸಬಲ್ಲದು. ನೀರು ನಿಂತ ಭತ್ತದ ಗದ್ದೆಗಳಲ್ಲಿ ಸಾರಜನಕ ಸ್ಥಿರೀಕರಣಕ್ಕೆ ಇವೇ ಮುಖ್ಯ ಕಾರಣವೆಂದು ವಿಜ್ಞಾನಿ ಪಿ. ಕೆ. ಡೇ 1939ರಲ್ಲಿ ಪ್ರತಿಪಾದಿಸಿದರು. ಅಜೋಲ ಜರೀಗಿಡದ ಎಲೆಗಳೊಳಗೆ ನೆಲೆಸಿರುವ ಪಾಚಿಯೂ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಅಜೋಲವನ್ನು ಗದ್ದೆಗೆ ಹಸಿರು ಗೊಬ್ಬರವಾಗಿಯೂ ದನಕರುಗಳಿಗೆ ಮೇವಾಗಿಯೂ ಬೆಳೆಸುತ್ತಾರೆ.

ಆಹಾರ: ಸ್ಪಿರುಲಿನ ಎಂಬ ನೀಲಿ-ಹಸಿರು ಪಾಚಿಯ ಒಣತೂಕದಲ್ಲಿ ಸುಮಾರು ಶೇಕಡ 55–70 ಪ್ರೋಟೀನು ಇರುತ್ತದೆ. ಆಫ್ರಿಕದ ಚಾಡ್ ಸರೋವರದ ಸುತ್ತಲಿನ ಜನ ಇದನ್ನು ಒಣಗಿಸಿ ಬಿಲ್ಲೆ ಮಾಡಿ ತಿನ್ನುತ್ತಾರೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದರ ಕೃಷಿ ಮತ್ತು ಸಂಸ್ಕರಣೆ ಕುರಿತು ಸಂಶೋಧನೆ ನಡೆಸಿದೆ.

ವರ್ಣದ್ರವ್ಯ: ಸ್ಪಿರುಲಿನದ ಫೈಕೋಸಯನಿನ್ ಎಂಬ ಪ್ರೋಟೀನು ಮಿಠಾಯಿ, ಐಸ್‌ಕ್ರೀಮುಗಳಿಗೆ ನೀಲಿ ಬಣ್ಣ ಕೊಡುತ್ತದೆ, ಪ್ರಯೋಗಾಲಯಗಳಲ್ಲಿ ಕೋಶಗಳನ್ನು ಗುರುತಿಸುವ ಪ್ರತಿದೀಪ್ತ ಬಣ್ಣವಾಗಿಯೂ ಈ ವರ್ಗದ ಪ್ರೋಟೀನುಗಳು ಬಳಕೆಯಲ್ಲಿವೆ.

ತಳಿ ತಂತ್ರಜ್ಞಾನ: ಸಿನೆಕೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ತಳಿಯೊಂದರ ಸಂಪೂರ್ಣ ಜೀನೋಮ್ 1996ರಲ್ಲಿ ಜಪಾನಿನಲ್ಲಿ ಪ್ರಕಟವಾಯಿತು. ಅನಂತರ ಜೀನ್ ಮಾರ್ಪಾಡಿನಿಂದ ಎಥನಾಲ್ ಮುಂತಾದ ಇಂಧನಗಳನ್ನು ಉತ್ಪಾದಿಸುವ ಪ್ರಯತ್ನಗಳು ಬೆಳೆದವು. ಇಳುವರಿ ಕಡಿಮೆ, ವೆಚ್ಚ ಹೆಚ್ಚು ಎಂಬುದು ಇವುಗಳ ತೊಡಕು.

ಎಚ್ಚರಿಕೆ: ಮೈಕ್ರೊಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಗಳು ಯಕೃತ್ತಿಗೆ ಹಾನಿಕರ ವಿಷ ಉತ್ಪಾದಿಸಬಲ್ಲವು. ಹೀಗಾಗಿ ಆಹಾರಕ್ಕೆ ಶುದ್ಧ ತಳಿಯನ್ನೇ ಬೆಳೆಸಿ ಪರೀಕ್ಷಿಸುವುದು ಅಗತ್ಯ.