ಗೇಣಿ ಮೇಜು ಮತ್ತು ಕಡತ: ಪೆನುಕೊಂಡ ಸೀಮೆಯ ಲೆಕ್ಕಪರಿಕರಗಳ ಬಗ್ಗೆ ಟಿಪ್ಪಣಿ

1. ವ್ಯಾಪ್ತಿ
ಹಿಂದೂಪುರ, ಪೆನುಕೊಂಡಗಳ ನಡುವಿನ ಸೋಮಂದೇಪಲ್ಲಿ ಇರುವ ಸೀಮೆಯನ್ನು ಹೈದರಾಬಾದಿನ ನಿಜಾಮನು 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟದ್ದು 1882ರಲ್ಲಿ. ಅದಕ್ಕೂ ಹಿಂದಿನ ಕಾಗದಪತ್ರಗಳನ್ನು ಸಾಮಾನ್ಯವಾಗಿ ಬಳ್ಳಾರಿಯ ಹೆಸರಿನಲ್ಲಿ ಹುಡುಕಬೇಕು. ಮುಂದೆ ಬರುವ ಇಂಗ್ಲಿಷ್ ಮೇಜುಗಳ ಜಾರ್ಜಿಯನ್ ಕಾಲವನ್ನು ಇಲ್ಲಿ 1714–1830 ಎಂದು ಹಿಡಿದಿದೆ; 1837ರವರೆಗೆ ಎಳೆಯುವವರೂ ಇದ್ದಾರೆ.

2. ಗೇಣಿ ಮೇಜು
ಇಂಗ್ಲೆಂಡಿನ ಜಮೀನ್ದಾರಿ ಮನೆಗಳ ಈ ಮೇಜಿಗೆ ತಿರುಗುವ ದುಂಡು ಅಥವಾ ಬಹುಕೋನ ಹಲಗೆ, ಸುತ್ತ ಅಕ್ಷರ ಕೆತ್ತಿದ ಸೆಳೆಖಾನೆಗಳು. ಕೆಲವಕ್ಕೆ ನಡುವೆ ಹಣ ಹಾಕುವ ಗುಂಡಿಯೂ ಉಂಟು. ಅಕ್ಷರವಿದ್ದ ಮಾತ್ರಕ್ಕೆ ಗೇಣಿ ವಸೂಲಿಗೇ ಬಳಕೆಯಾಗಿತ್ತು ಎನ್ನಲಾಗದು. ಪತ್ರವ್ಯವಹಾರಕ್ಕೂ ಅದೇ ಏರ್ಪಾಡು ಒದಗುತ್ತದೆ. ಬ್ರಾಮಾ ಬೀಗ (ಪೇಟೆಂಟ್ 1784) ಇದ್ದರೆ ಮೇಜು ಅದಕ್ಕಿಂತ ಈಚಿನದು ಎಂಬ ತೀರ್ಮಾನವೂ, ಹಳೆಯ ಬೀಗ ಕಿತ್ತ ಗುರುತು ಇಲ್ಲದಿದ್ದಾಗ ಮಾತ್ರ ನಿಲ್ಲುತ್ತದೆ.

3. ಕಡತ
ಗೇಣಿ ಮೇಜಿಗೆ ಒಂದು ಸ್ಥಿರ ಕೋಣೆ ಬೇಕು, ಒಕ್ಕಲುಗಳು ಅಲ್ಲಿಗೆ ಬರಬೇಕು. ಆದರೆ ಈ ಸೀಮೆಯ ಕಲೆಕ್ಟರ್ ಥಾಮಸ್ ಮನ್ರೋ (ಇಲ್ಲಿ 1800–1807) ಬಹುಪಾಲು ಡೇರೆಗಳಲ್ಲಿ ಇದ್ದುಕೊಂಡು ಕಂದಾಯ ಗೊತ್ತುಮಾಡಿದವನು. ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿಯಲ್ಲಿ ಪ್ರತಿ ಹಿಡುವಳಿಯ ಲೆಕ್ಕ ಗ್ರಾಮದ ಲೆಕ್ಕಿಗರಾದ ಶಾನುಭೋಗರ ಕೈಯಲ್ಲಿತ್ತು. ನೆರೆಯ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಗ್ರಂಥದಲ್ಲಿ ಕಡತವನ್ನು ವರ್ಣಿಸಿದ್ದಾನೆ: 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ, ಎರಡೂ ಬದಿಗೆ ಅಂಟುಸರಿ ಮತ್ತು ಇದ್ದಿಲುಪುಡಿಯ ಲೇಪ, ಮಡಿಕೆಗಳ ಎರಡು ತುದಿಗೂ ಬಣ್ಣದ ಮರದ ರಟ್ಟು, ಬರವಣಿಗೆ ಬಳಪದಲ್ಲಿ. ಒರೆಸಿದರೆ ಅಳಿಸಿಹೋಗುವ ಬರಹವಾದರೂ, ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಸಹಿತ ಬರೆದಿದ್ದ ಸಾಲಪತ್ರವೊಂದು ಪುರಾವೆಯಾಗಿ ಸ್ವೀಕೃತವಾದದ್ದನ್ನೂ ಅವನು ದಾಖಲಿಸುತ್ತಾನೆ. ಗಮನಾರ್ಹ: ಇಂಗ್ಲೆಂಡಿನಲ್ಲಿ ಭದ್ರತೆಯ ಹೊಣೆ ಬೀಗದ್ದು, ಇಲ್ಲಿ, ಬಹುಶಃ, ಸಾಕ್ಷಿಗಳದ್ದು. ವಿಲ್ಕ್ಸನ ಮಾತು ಮೈಸೂರಿಗೆ ಸಂಬಂಧಿಸಿದ್ದು. ಗಡಿಯಾಚೆಯ ಪೆನುಕೊಂಡಕ್ಕೆ ಅದನ್ನು ಅನ್ವಯಿಸುವುದು ಸಂಭಾವ್ಯವೇ ಹೊರತು ಸಿದ್ಧವಲ್ಲ.

4. ಗುರುತಿಸುವಿಕೆ
ಇಂಗ್ಲಿಷ್ ಮಾದರಿಯ ಬರವಣಿಗೆ ಪೀಠೋಪಕರಣಗಳು ಭಾರತದಲ್ಲೂ ತಯಾರಾಗುತ್ತಿದ್ದವು. ದಂತದ ಕುಸುರಿಯ ವಿಶಾಖಪಟ್ಟಣದ ಕೆಲಸ ಪ್ರಸಿದ್ಧ. ಗ್ರಾಮಲೆಕ್ಕ ಕಡತದಲ್ಲೇ ನಡೆದಿರಬಹುದಾದ್ದರಿಂದ, ಈ ಸೀಮೆಯಲ್ಲಿ ಜಾರ್ಜಿಯನ್ ಮಾದರಿಯ ಮೇಜು ಕಂಡರೆ, ಅದನ್ನು ಗ್ರಾಮಲೆಕ್ಕಕ್ಕಿಂತ ಅಧಿಕಾರಿಯ ಮನೆಗೆ ಜೋಡಿಸುವುದು ಹೆಚ್ಚು ಸುರಕ್ಷಿತ. ಅದು ಭಾರತದಲ್ಲೇ ತಯಾರಾಗಿರಬಹುದಾದ್ದರಿಂದ, ಮರ, ಸೆಳೆಖಾನೆಯ ಸಂದು, ಬೀಗ, ಈ ಮೂರನ್ನೂ ಪ್ರತ್ಯೇಕವಾಗಿ ನೋಡದೆ ‘ಇಂಗ್ಲೆಂಡಿನದು’ ಎಂದು ಬರೆಯಬಾರದು.