ಬೆಟ್ಟದ ಹೆಸರು ಹೊತ್ತ ಮರ

ಆಸ್ಟ್ರೇಲಿಯಾದ ಯೂಕಲಿಪ್ಟಸ್ ಮರಕ್ಕೆ ಕನ್ನಡಿಗರಾದ ನಾವು ಇಟ್ಟ ಹೆಸರು 'ನೀಲಗಿರಿ'. ನೆಗಡಿಯಾದಾಗ ಎದೆಗೆ ತಿಕ್ಕುವ ಎಣ್ಣೆಗೂ ಅದೇ ಹೆಸರು. ಆ ಬೆಟ್ಟಕ್ಕೆ ಈ ಮರ ಹೊಸಬ, ಅಲ್ಲಿನ ಹಳಬ ಹುಲ್ಲು ಎಂಬುದು ನಮಗೆ ಮರೆತೇಹೋಗಿದೆ.

ನೀಲಗಿರಿಯ ಎತ್ತರದಲ್ಲಿ ಕಣಿವೆಯ ಮಡಿಲಿಗೆ ಶೋಲಾ ಕಾಡು, ಸುತ್ತಲಿನ ಇಳಿಜಾರಿಗೆ ಹುಲ್ಲು. ತೋಡರ ಎಮ್ಮೆಗಳು ಮೇಯುತ್ತಿದ್ದುದು ಅಲ್ಲಿ. ಅವರ ದೇಗುಲದ ಸೂರಿಗೆ ಹುಲ್ಲು ಬರುತ್ತಿದ್ದುದೂ ಅಲ್ಲಿಂದ. 19ನೇ ಶತಮಾನದಲ್ಲಿ ಊಟಿ ಕಟ್ಟಿದ ಇಂಗ್ಲಿಷರು ಸೌದೆಗೆಂದು ಆಸ್ಟ್ರೇಲಿಯಾದ ಮರಗಳನ್ನು ತಂದರು. ಆದರೆ ಅವರನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಹುಲ್ಲುಗಾವಲಿನ ಮೇಲೆ ನೀಲಗಿರಿ ಮರವನ್ನೂ ವ್ಯಾಟಲ್ ಎಂಬ ಅಕೇಶಿಯಾವನ್ನೂ ದೊಡ್ಡ ಪ್ರಮಾಣದಲ್ಲಿ ನೆಟ್ಟದ್ದು ಸ್ವಾತಂತ್ರ್ಯ ಬಂದ ಮೇಲೆ. ರೇಯಾನ್ ತಿರುಳಿಗೆ, ಚರ್ಮ ಹದಮಾಡುವ ತೊಗಟೆಗೆ. ಮರವಿಲ್ಲದ ನೆಲ ಪಾಳು ಎಂದು ನಮ್ಮವರೂ ನಂಬಿದ್ದರು.

ಇದನ್ನು ಗ್ಲೆನ್‌ಮಾರ್ಗನ್‌ನಲ್ಲಿ ವಿಜ್ಞಾನಿಗಳು ಅಳೆದು ನೋಡಿದರು. ಎರಡು ಪುಟ್ಟ ಕಣಿವೆಗಳು. ಒಂದರಲ್ಲಿ ಹುಲ್ಲನ್ನು ಹಾಗೆಯೇ ಬಿಟ್ಟು, ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ 1972ರಲ್ಲಿ ನೀಲಗಿರಿ ಮರ ಹಾಕಿದರು. ಮೊದಲ ಹತ್ತು ವರ್ಷಗಳಲ್ಲಿ ಮರದ ಕಣಿವೆಯ ನೀರು ಶೇ. 16ರಷ್ಟು ಇಳಿಯಿತು. ಕಡಿದ ಬುಡ ಮತ್ತೆ ಚಿಗುರಿ ಬೆಳೆದಾಗ ಶೇ. 25ರಷ್ಟು. ಬೇಸಿಗೆಯ ತೊರೆಗೆ ಬಿದ್ದ ಪೆಟ್ಟು ಇನ್ನೂ ಜೋರು. ಹುಲ್ಲು ಚಳಿಗೆ ಒಣಗಿ ಸುಮ್ಮನಾಗುತ್ತದೆ. ಅದರಡಿಯ ಕಪ್ಪಗಿನ ಮೇಲ್ಮಣ್ಣು, ಜೌಗು ಮಳೆಯನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತವೆ. ಮರವೋ ವರ್ಷವಿಡೀ ಕುಡಿಯುತ್ತದೆ. ಆ ಬೆಟ್ಟದ ಪೈಕಾರ ನದಿ ಮೋಯಾರ್ ಆಗಿ ಬಂಡೀಪುರದ ಅಂಚಿನಲ್ಲಿ ಹರಿದು, ಭವಾನಿಯ ಮೂಲಕ ಕಾವೇರಿ ಸೇರುತ್ತದೆ.

1980ರ ದಶಕದ ಕೊನೆಗೆ ನೆಡುವುದು ನಿಂತಿತು. ವ್ಯಾಟಲ್ ಮಾತ್ರ ನಿಲ್ಲಲಿಲ್ಲ. ಕಡಿದರೆ ಬೇರಿನಿಂದ ಏಳುತ್ತದೆ, ಬೀಜ ದಶಕಗಟ್ಟಲೆ ಮಣ್ಣಲ್ಲಿ ಕಾಯುತ್ತದೆ. ಸೋಜಿಗವೆಂದರೆ, ಶೋಲಾ ಹತ್ತಿರವಿದ್ದ ಕಡೆ ಅದೇ ವ್ಯಾಟಲ್ ನೆರಳಲ್ಲಿ ಶೋಲಾ ಸಸಿಗಳು ತಾವಾಗಿ ಹುಟ್ಟುತ್ತಿವೆ. ಕಾಡು ಚೇತರಿಸಿಕೊಂಡಿತೆಂದು ಹಿಗ್ಗಬೇಕೆನಿಸುತ್ತದೆ. ಆದರೆ ನೆರಳಲ್ಲಿ ಹುಲ್ಲು ಬಾರದು. ಹುಲ್ಲುಗಾವಲಿದ್ದ ಜಾಗಕ್ಕೆ ಕಾಡು ಬಂದರೆ ಅದನ್ನು ಚೇತರಿಕೆ ಎನ್ನೋಣವೇ, ಎರಡನೇ ಒತ್ತುವರಿ ಎನ್ನೋಣವೇ?

ಇದೇ ವ್ಯಾಟಲ್ ಕಾಡಿದ ದಕ್ಷಿಣ ಆಫ್ರಿಕಾದಲ್ಲಿ 1995ರಲ್ಲಿ ಜಲಸಚಿವ ಕಾದರ್ ಅಸ್ಮಾಲ್ ನದಿಮೂಲಗಳ ಪರದೇಶಿ ಮರಗಳನ್ನು ಕಡಿಸುವ ಯೋಜನೆ ತಂದರು. ಕೆಲಸವಿಲ್ಲದ ಬಡವರಿಗೆ ಅದರಿಂದ ಕೂಲಿಯೂ ಸಿಕ್ಕಿತು. ನೀಲಗಿರಿಯಲ್ಲೂ ವ್ಯಾಟಲ್ ತೆಗೆಯುವ ಕೆಲಸ ನಡೆದಿದೆ. ಒಮ್ಮೆ ತೆಗೆದರೆ ಸಾಲದು, ಮರಳಿ ಏಳುವ ಸಸಿಗಳನ್ನು ವರ್ಷ ವರ್ಷ ಕೀಳಬೇಕು. ಹುಲ್ಲು ತಾನಾಗಿ ಬಾರದ ಇಳಿಜಾರುಗಳಿಗೆ ಅಲ್ಲಿಯದೇ ಹುಲ್ಲನ್ನು ನರ್ಸರಿಯಲ್ಲಿ ಬೆಳೆಸಿ, ಬುಡ ಬುಡವಾಗಿ ಕೈಯಲ್ಲಿ ನೆಡುತ್ತಿದ್ದಾರೆ.